ತಾತನ ಶಂಖ ಮತ್ತೆ ಕಡಲ ಕಡೆಗೆ

ಶುಕ್ರವಾರ ರಾತ್ರಿ, ರೈಲಿನಲ್ಲಿ

ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಹೊಸೂರು ದಾಟುವ ಹೊತ್ತಿಗೆ ನಮ್ಮ ಬೋಗಿಯಲ್ಲಿ ಅರ್ಧ ಜನ ಮಲಗಿಯಾಗಿತ್ತು. ಅಪ್ಪ ಮಾತ್ರ ಕೆಳಗಿನ ಬರ್ತಿನಲ್ಲಿ ಕೂತೇ ಇದ್ದರು. ತೊಡೆಯ ಮೇಲೆ ಹಳೇ ಟವೆಲ್ಲಿನ ಗಂಟು. ಒಳಗೆ ತಾತನ ಶಂಖ. ಬ್ಯಾಗಿಗೆ ಹಾಕಿ ಅಂತ ಎರಡು ಸಲ ಹೇಳಿದೆ, ಕೇಳಲಿಲ್ಲ.

ನಮ್ಮ ತಾತ ಮಂಡ್ಯ ಕಡೆಯ ದಾಸಯ್ಯ. ಶ್ರಾವಣ ಶನಿವಾರ ಬಂತೆಂದರೆ ಹಣೆಗೆ ನಾಮ ಹಾಕಿ, ಹೆಗಲಿಗೆ ಭಿಕ್ಷೆಯ ಬವನಾಸಿ ಸಿಕ್ಕಿಸಿ, ಗರುಡಗಂಬ ಅನ್ನುವ ಕೈದೀಪ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಊರಲ್ಲಿ ಹರಿಸೇವೆ ಇದ್ದರೆ ಅವರು ಬೇಕು. ಯಾರಾದರೂ ತೀರಿಕೊಂಡರೂ ಅವರೇ ಬೇಕು. ಮೊದಲು ಶಂಖ ಊದಬೇಕು, ಆಮೇಲೆ ಜಾಗಟೆ. ನಾನು ಚಿಕ್ಕವಳಿದ್ದಾಗ ಆ ಸದ್ದು ಕೇಳಿದರೆ ಹೊಟ್ಟೆಯೊಳಗೆ ಏನೋ ನಡುಗಿದ ಹಾಗೆ ಆಗುತ್ತಿತ್ತು.

ತಾತ ಹೋದ ಮೇಲೆ ಶಂಖ ನಮ್ಮ ದೇವರ ಮನೆಗೆ ಬಂತು. ಮೂರು ವರ್ಷದ ಹಿಂದೆ ಕೈಜಾರಿ ಬಿದ್ದು, ಊದುವ ಕಡೆ ಅಂಚು ಒಡೆಯಿತು. ಆಮೇಲೆ ಎಷ್ಟು ಊದಿದರೂ ಬರೀ ಗಾಳಿ. ಅಪ್ಪ ಸುಮ್ಮನಿರಲಾರದೆ ಆನ್‌ಲೈನಿನಲ್ಲಿ ಒಂದು 'ಬಲಮುರಿ ಶಂಖ' ತರಿಸಿದರು. ಕೊಟ್ಟ ದುಡ್ಡು ಕಡಿಮೆಯಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದ ದಿನವೇ ಅಂದರು: "ಇದು ನಮ್ಮದರ ಥರ ಇಲ್ಲ ಕಣಮ್ಮ. ತೂಕವೇ ಬೇರೆ." ಅದಕ್ಕೆ ಈ ಪ್ರಯಾಣ. ಶಂಖ ಹುಟ್ಟುವ ಕಡಲಿಗೇ ಹೋಗಿ, ಅಲ್ಲೇ ರಿಪೇರಿ ಮಾಡುವವರು ಸಿಗುತ್ತಾರಾ ನೋಡೋಣ ಅಂತ.

ಶನಿವಾರ, ತೂತ್ತುಕುಡಿ

ಬೆಳಗ್ಗೆ ಕಿಟಕಿಯಾಚೆ ಮೊದಲು ಕಂಡದ್ದು ಉಪ್ಪು. ಗದ್ದೆಗಳ ಹಾಗೆ ಮಡಿ ಮಾಡಿ ನೀರು ನಿಲ್ಲಿಸಿದ್ದಾರೆ. ಬದುವಿನಲ್ಲಿ ಬಿಳಿ ರಾಶಿಗಳು. ಫೆಬ್ರವರಿಯಲ್ಲೇ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಅಪ್ಪನ ಜೊತೆ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರು ರಿಟೈರ್ ಆಗಿ ಇಲ್ಲಿಯೇ ನೆಲೆಸಿದ್ದಾರೆ. ನಾನು ಅವರನ್ನು ಮಾಮ ಅಂತಲೇ ಕರೆಯೋದು. ಅವರ ಕನ್ನಡ ಇನ್ನೂ ಹಾಗೇ ಇದೆ. "ಏನಪ್ಪಾ, ಶಂಖಾನ ಮಗು ಥರ ಎತ್ಕೊಂಡು ಬಂದಿದೀಯ!" ಅಂತ ಸ್ಟೇಷನ್ನಿನಲ್ಲೇ ಅಪ್ಪನನ್ನು ತಬ್ಬಿಕೊಂಡರು.

ಮಧ್ಯಾಹ್ನ ಅವರು ನಮ್ಮನ್ನು ಶಂಖದ ವ್ಯಾಪಾರಿಯೊಬ್ಬರ ಗೋದಾಮಿಗೆ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಗೋಡೆಯುದ್ದಕ್ಕೂ ಗುಡ್ಡೆ ಗುಡ್ಡೆ ಶಂಖ. ಆದರೆ ಒಂದೂ ಬೆಳ್ಳಗಿಲ್ಲ! ಎಲ್ಲದರ ಮೈಮೇಲೂ ಕಂದು ಬಣ್ಣದ ಒರಟು ಸಿಪ್ಪೆ. ಬದುಕಿರುವಾಗ ಶಂಖ ಇರುವುದೇ ಹೀಗಂತೆ. ಈ ಸಿಪ್ಪೆಯನ್ನು ಉಜ್ಜಿ ತೆಗೆದ ಮೇಲೆ ಒಳಗಿನ ಹಾಲು ಬಿಳುಪು ಬರುತ್ತದೆ. ನಲವತ್ತು ವರ್ಷ ತಾತನ ಶಂಖ ನೋಡಿದ್ದರೂ ಇದು ನನಗೆ ಗೊತ್ತಿರಲಿಲ್ಲ.

ಶಂಖ ಅಂದರೆ ಕಡಲ ಬಸವನಹುಳು. ವಿಜ್ಞಾನದಲ್ಲಿ ಟರ್ಬಿನೆಲ್ಲಾ ಪೈರಮ್ ಅನ್ನುತ್ತಾರೆ. ತಮಿಳುನಾಡು ಮತ್ತು ಶ್ರೀಲಂಕಾ ನಡುವಿನ ಈ ಮನ್ನಾರ್ ಕೊಲ್ಲಿಯೇ ಅದರ ದೊಡ್ಡ ತವರು. ಮದ್ರಾಸ್ ಪ್ರಾಂತ್ಯದ ಕಾಲದಿಂದ ಬಹಳ ವರ್ಷ ಇದು ಸರ್ಕಾರದ್ದೇ ವ್ಯಾಪಾರವಾಗಿತ್ತು. ಮುಳುಗುವವರು ತಂದದ್ದನ್ನು ಸರ್ಕಾರಕ್ಕೇ ಒಪ್ಪಿಸಬೇಕಿತ್ತು. ವ್ಯಾಪಾರಿ ಒಂದು ಲೋಹದ ಬಳೆ ತೋರಿಸಿದರು. ಅಳತೆಗೆ ಇಟ್ಟುಕೊಂಡದ್ದು. ಅದರೊಳಗೆ ತೂರಿ ಹೋಗುವಷ್ಟು ಚಿಕ್ಕ ಶಂಖವಾದರೆ ಕಡಲಿಗೆ ವಾಪಸ್ ಬಿಡಬೇಕು ಅನ್ನುವುದು ಹಳೇ ಕಾಲದಿಂದ ಬಂದ ಪದ್ಧತಿ.

ಅಪ್ಪ ಎರಡೂ ಶಂಖ ಹೊರಗೆ ತೆಗೆದರು. ತಾತನದ್ದು, ಆನ್‌ಲೈನಿನದ್ದು. ವ್ಯಾಪಾರಿ ಎರಡನೆಯದರ ಬಾಯೊಳಗೆ ಬೆರಳು ಹಾಕಿದರು. ಅಷ್ಟೇ. "ಇದು ನಮ್ಮ ಕಡಲಿನದಲ್ಲ ಅಯ್ಯಾ" ಅಂದರು.

ಅವರು ವಿವರಿಸಿದ್ದನ್ನು ಮಾಮ ಕನ್ನಡದಲ್ಲಿ ಹೇಳುತ್ತಾ ಹೋದರು. ಶಂಖದ ಬಾಯೊಳಗೆ, ನಡುಗಂಬದ ಮೇಲೆ, ಮೂರೋ ನಾಲ್ಕೋ ಏಣು ಇರುತ್ತವೆ. ಬೆರಳಿಗೆ ಚೆನ್ನಾಗಿ ಸಿಗುತ್ತವೆ. ಆನ್‌ಲೈನ್ ಶಂಖದಲ್ಲಿ ಅದು ನುಣ್ಣಗೆ. ಅದು ಅಮೆರಿಕದ ತೀರದ ಲೈಟ್ನಿಂಗ್ ವೆಲ್ಕ್ ಅನ್ನುವ ಬೇರೆಯೇ ಜಾತಿ. ಆ ಜಾತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಹುಟ್ಟುತ್ತಲೇ ಬಲಮುರಿಯ ಹಾಗೆ ತಿರುಗಿರುತ್ತವೆ. ಅಲ್ಲಿ ಅದು ಮಾಮೂಲಿ. ಇಲ್ಲಿಗೆ ತಂದರೆ 'ಬಲಮುರಿ', ಚಿನ್ನದ ಬೆಲೆ. ನಿಜವಾದ ಶಂಖದಲ್ಲಿ ಬಲಮುರಿ ಸಿಗುವುದು ತೀರಾ ಅಪರೂಪ. ಜೀವಮಾನವೆಲ್ಲ ಮುಳುಗಿದವರೂ ಒಂದನ್ನೂ ನೋಡಿರುವುದಿಲ್ಲ.

ಇಲ್ಲೊಂದು ಗೊಂದಲ ಇದೆ, ಹೇಳಿಬಿಡುತ್ತೇನೆ. ವಿಜ್ಞಾನಿಗಳು ಚಿಪ್ಪಿನ ಸುರುಳಿ ತುದಿಯನ್ನು ಮೇಲೆ ಮಾಡಿ ಹಿಡಿಯುತ್ತಾರೆ. ಆಗ ಸಾಮಾನ್ಯ ಶಂಖದ ಬಾಯಿ ಬಲಕ್ಕೆ ಬರುತ್ತದೆ. ನಮ್ಮವರು ಇನ್ನೊಂದು ಕಡೆಯ, ಕೊಕ್ಕಿನ ಹಾಗೆ ಚಾಚಿದ ತುದಿಯನ್ನು ಮೇಲೆ ಮಾಡಿ ನೋಡುತ್ತಾರೆ. ಅದೇ ಬಾಯಿ ಈಗ ಎಡಕ್ಕೆ. ಹಾಗಾಗಿ ವಿಜ್ಞಾನದಲ್ಲಿ ಬಲಸುರುಳಿ ಆದದ್ದು ನಮಗೆ ಎಡಮುರಿ. ಮೋಸ ಹೋಗುವವರು ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ ಅನ್ನಿಸಿತು. ಅಪ್ಪನಿಗೆ ಎಷ್ಟು ಬೇಜಾರಾಗಿತ್ತೆಂದರೆ ಆ ಶಂಖವನ್ನು ಮತ್ತೆ ಟವೆಲ್ಲಿಗೆ ಸೇರಿಸಲೇ ಇಲ್ಲ. ನನ್ನ ಬ್ಯಾಗಿಗೆ ಕೊಟ್ಟರು.

ಆದರೆ ತಾತನ ಶಂಖವನ್ನು ವ್ಯಾಪಾರಿ ತುಂಬ ಹೊತ್ತು ತಿರುಗಿಸಿ ನೋಡಿದರು. ಮೈಮೇಲೆ ಹುಳು ಕೊರೆದ ತೂತಿಲ್ಲ. ಹೊಳಪು ಇನ್ನೂ ಇದೆ. ಸತ್ತು ಕಡಲಡಿಯಲ್ಲಿ ಬಿದ್ದಿದ್ದ ಚಿಪ್ಪಾದರೆ ಸುಣ್ಣದ ಥರ ಮಂಕಾಗಿರುತ್ತದೆ. "ಇದು ಜೀವಂತ ಹಿಡಿದ ಶಂಖ" ಅಂದರು. ಅಪ್ಪ ಹೌದು ಅನ್ನುವ ಹಾಗೆ ತಲೆಯಾಡಿಸಿದರು, ಆದರೆ ಏನೂ ಮಾತಾಡಲಿಲ್ಲ. ರಾತ್ರಿ ಮಲಗುವ ಮುಂಚೆ ನನ್ನನ್ನು ಕೇಳಿದರು: "ಜೀವಂತ ಅಂದ್ರಲ್ಲ. ಹಂಗಾದ್ರೆ ಒಳಗಿದ್ದ ಜೀವ ಏನಾಯ್ತು?"

ಭಾನುವಾರ

ಆ ಪ್ರಶ್ನೆಗೆ ಉತ್ತರ ಮಾರನೇ ದಿನ ಊಟದ ಎಲೆಯ ಮೇಲೆ ಸಿಕ್ಕಿತು.

ಇಲ್ಲಿನ ಪರವ ಸಮುದಾಯದವರು ತಲೆತಲಾಂತರದಿಂದ ಮುತ್ತು ಮತ್ತು ಶಂಖಕ್ಕೆ ಮುಳುಗುವವರು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಕಾಲಕ್ಕೆ ಕ್ರೈಸ್ತರಾದರು. ಭಾನುವಾರ ಕಡಲಿಗೆ ಇಳಿಯುವುದಿಲ್ಲ. ಬೆಳಗ್ಗೆ ಪನಿಮಯ ಮಾತಾ ಚರ್ಚಿನ ಮುಂದೆ ಪೂಜೆ ಮುಗಿಸಿ ಬರುವ ಜನವೋ ಜನ. ಅಲ್ಲಿಂದ ಮಾಮನ ಪರಿಚಯದ ಮುಳುಗುಗಾರರೊಬ್ಬರ ಮನೆಗೆ ಹೋದೆವು. ಐವತ್ತು ದಾಟಿದ ಗಟ್ಟಿ ಆಳು. ಕಣ್ಣು ಕೆಂಪಗೆ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕಣ್ಣು ಬಿಟ್ಟ ಗುರುತು ಅಂದರು ಮಾಮ.

ಇವರ ತಂದೆ ಮುತ್ತಿಗೂ ಮುಳುಗಿದ್ದವರು. ತೂತ್ತುಕುಡಿಯನ್ನು ಇವತ್ತಿಗೂ ಮುತ್ತುನಗರ ಅನ್ನುತ್ತಾರೆ. ಆದರೆ ಇಲ್ಲಿ ಕೊನೆಯ ದೊಡ್ಡ ಮುತ್ತಿನ ಬೇಟೆ ನಡೆದದ್ದು 1961ರಲ್ಲಿ. ಆಮೇಲೆ ಮುತ್ತಿನ ಚಿಪ್ಪು ಸರಿಯಾಗಿ ಬೆಳೆಯಲೇ ಇಲ್ಲ. ಉಳಿದದ್ದು ಶಂಖ.

"ಕಡಲಡಿಯಲ್ಲಿ ಶಂಖ ಹೇಗೆ ಹುಡುಕ್ತೀರಿ ಅಣ್ಣಾ?" ಅಂತ ಕೇಳಿದೆ.

ಅವರು ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. "ಶಂಖ ಕಾಣಲ್ಲ ಅಕ್ಕಾ. ಮರಳಿನೊಳಗೆ ಹೂತುಕೊಂಡಿರುತ್ತೆ. ಅದು ನಡೆದ ದಾರಿ ಕಾಣುತ್ತೆ. ದಾರಿ ಹಿಡಿದು ಹೋಗಬೇಕು."

ಎಲ್ಲ ಮರಳಿನಲ್ಲೂ ಶಂಖ ಇರುವುದಿಲ್ಲ. 'ಪೂಚಿ ಮಣಲ್' ಬೇಕು, ಅಂದರೆ ಹುಳದ ಮರಳು. ಶಂಖ ತಿನ್ನುವುದು ಮರಳಿನಲ್ಲಿ ಗೂಡು ಕಟ್ಟಿರುವ ಹುಳುಗಳನ್ನು. ಹುಳ ಇದ್ದ ಕಡೆ ಶಂಖ. ನೀರು ತಿಳಿಯಾಗಿದ್ದರೆ ಮಾತ್ರ ದಾರಿ ಕಾಣುತ್ತದೆ. ನೀರು ಕಲಕಿತೋ, ಆ ದಿನದ ಕೂಲಿ ಹೋಯಿತು. ಈಗ ಕೆಲವರು ಬಾಯಿಗೆ ಕಂಪ್ರೆಸರ್ ಪೈಪ್ ಕಚ್ಚಿಕೊಂಡು ಇಳಿಯುತ್ತಾರೆ. ತುಂಬ ಹೊತ್ತು ಕೆಳಗಿರಬಹುದು. ಆದರೆ ಸರಸರ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತವೆ. ಕೈಕಾಲು ಬಿದ್ದು ಹೋದವರಿದ್ದಾರೆ, ಸತ್ತವರೂ ಇದ್ದಾರೆ. ಇದನ್ನು ಹೇಳುವಾಗ ಅವರ ಹೆಂಡತಿ ಅಡುಗೆಮನೆ ಬಾಗಿಲಿನಲ್ಲಿ ನಿಂತಿದ್ದರು. ಮಾತು ಮುಗಿಯುವ ಮೊದಲೇ ಒಳಗೆ ಹೋದರು.

ಊಟಕ್ಕೆ ಅನ್ನ, ಸಾರು, ಪಕ್ಕದಲ್ಲಿ ಕಪ್ಪಗೆ ಹುರಿದ ತುಂಡುಗಳು. ಶಂಖದ ಮಾಂಸ. ಹೊರಗಿನ ಚಿಪ್ಪು ಬಂಗಾಳಕ್ಕೆ ಹೋಗುತ್ತದೆ, ದೇವಸ್ಥಾನಕ್ಕೆ ಹೋಗುತ್ತದೆ. ಒಳಗಿನದ್ದು ಇವರ ಮನೆಯ ಊಟ. ಜಾಸ್ತಿ ಇದ್ದರೆ ಒಣಗಿಸಿ ಇಡುತ್ತಾರೆ. ಲೋಳೆ ಹೋಗುವವರೆಗೆ ಉಪ್ಪು ಹಾಕಿ ತಿಕ್ಕಿ, ಬೇಯಿಸಿ, ತೆಳ್ಳಗೆ ಹೆಚ್ಚಿ, ಸಣ್ಣ ಈರುಳ್ಳಿ, ಕಾಳುಮೆಣಸು, ಕರಿಬೇವಿನ ಜೊತೆ ಹುರಿದಿದ್ದರು. ಹಲ್ಲಿಗೆ ಸ್ವಲ್ಪ ಕೆಲಸ. ಅಗಿದಷ್ಟೂ ಸಿಹಿ ಬಿಡುತ್ತದೆ.

ನಾನು ಅಪ್ಪನ ಮುಖ ನೋಡಿದೆ. ನಿನ್ನೆ ಆಗಿದ್ದರೆ ಶನಿವಾರ, ಮುಟ್ಟುತ್ತಲೇ ಇರಲಿಲ್ಲ. ಇವತ್ತು ವಾರದ ತಡೆ ಇಲ್ಲ. ಆದರೂ ಇದು ಶಂಖ. 'ಶಂಖದಿಂದ ಬಂದರೇ ತೀರ್ಥ' ಅಂತ ಕೇಳಿಕೊಂಡು ಬೆಳೆದವರು. ಅಪ್ಪ ಒಂದು ತುಂಡನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ನಿನ್ನೆ ಕೇಳಿದೆನಲ್ಲ, ಇದೇ ಉತ್ತರ" ಅಂದರು. ಆ ತಾಯಿ ಇನ್ನೊಂದು ಸೌಟು ಬಡಿಸಿದಾಗ ಬೇಡ ಅನ್ನಲಿಲ್ಲ.

ಸಂಜೆ ಕೊರ್ಕೈಗೆ ಹೋಗಿ ಬಂದೆವು. ಪಾಂಡ್ಯರ ಕಾಲದ ದೊಡ್ಡ ಬಂದರು ಅದು. ತಾಮ್ರಪರ್ಣಿ ಹೂಳು ತುಂಬಿ ತುಂಬಿ ಕಡಲೇ ದೂರ ಹೋಗಿದೆ. ಈಗ ಸುತ್ತ ಬಾಳೆ ತೋಟ, ಭತ್ತ. ಊರವರು ಎರಡು ಸಾವಿರ ವರ್ಷದ್ದು ಅನ್ನುವ ಒಂದು ಬನ್ನಿಮರ ಇದೆ. ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಇಲ್ಲಿ ಗರಗಸದಿಂದ ಕೊಯ್ದ ಶಂಖದ ಚೂರುಗಳನ್ನು ಕಂಡಿದ್ದರು. 1914ರಲ್ಲಿ ಶಂಖದ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದವರು ಅವರು. ಅಂದರೆ ಬಳೆ ಮಾಡುವ ಕೆಲಸ ಒಂದು ಕಾಲಕ್ಕೆ ಇಲ್ಲಿಯೇ ನಡೆಯುತ್ತಿತ್ತು. ಅದಕ್ಕೂ ಹಳೆಯದು ಗುಜರಾತಿನ ನಾಗೇಶ್ವರ. ಹರಪ್ಪಾ ಕಾಲದಲ್ಲಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ಅಲ್ಲಿ ಇದೇ ಜಾತಿಯ ಶಂಖ ಕೊಯ್ದು ಬಳೆ ಮಾಡುತ್ತಿದ್ದರು.

ಸೋಮವಾರ

ಮಧ್ಯಾಹ್ನ ದೋಣಿಗಳು ಬರುವ ಹೊತ್ತಿಗೆ ದಡದಲ್ಲಿದ್ದೆವು. ನಿನ್ನೆಯ ಅಣ್ಣ ಬಲೆಯ ಚೀಲ ಹೊತ್ತು ಇಳಿದರು. ತುಂಬಿರಲಿಲ್ಲ. ಅದರಿಂದ ಒಂದನ್ನು ತೆಗೆದು ಅಪ್ಪನ ಅಂಗೈಯಲ್ಲಿ ಇಟ್ಟರು.

ಬಾಯಿಗೆ ಕಂದು ಬಣ್ಣದ ಗಟ್ಟಿ ಮುಚ್ಚಳ. ಬಾಗಿಲು ಹಾಕಿಕೊಂಡ ಮನೆಯ ಹಾಗೆ. ಬಕೆಟ್ಟಿನ ಕಡಲ ನೀರಿನಲ್ಲಿ ಬಿಟ್ಟು ಕಾದೆವು. ತುಂಬ ಹೊತ್ತಾದ ಮೇಲೆ ಬಾಗಿಲು ಸ್ವಲ್ಪ ಸರಿಯಿತು. ದಪ್ಪ ಪಾದ ಹೊರಗೆ ಬಂತು. ಅಪ್ಪ ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಎಪ್ಪತ್ತು ವರ್ಷ ಶಂಖದ ಮನೆತನದಲ್ಲಿ ಬದುಕಿ, ಶಂಖವನ್ನು ಈಗ ಮೊದಲ ಸಲ ನೋಡಿದ್ದು.

ಆ ಮುಚ್ಚಳವೂ ದಂಡ ಆಗುವುದಿಲ್ಲ. ಧೂಪದ ಸಾಮಾನಿಗೆ ಕೊಳ್ಳುವವರಿದ್ದಾರೆ.

ಚೀಲದಲ್ಲಿ ಇನ್ನೊಂದು ವಸ್ತುವಿತ್ತು. ಟಗರಿನ ಕೊಂಬಿನ ಹಾಗೆ ಬಾಗಿದ, ಉಂಗುರದ ಮೇಲೆ ಉಂಗುರ ಪೇರಿಸಿದಂಥ ಹಳದಿ ಗೂಡು. ಶಂಖದ ಮೊಟ್ಟೆಗೂಡು. ತಾಯಿ ಶಂಖ ಅದರ ಒಂದು ತುದಿಯನ್ನು ಮರಳಿನಲ್ಲಿ ನೆಟ್ಟು ಹೋಗುತ್ತದೆ. ಒಳಗೆ ಕೋಣೆ ಕೋಣೆ. ಬೇರೆ ಎಷ್ಟೋ ಕಡಲ ಜೀವಿಗಳ ಮರಿಗಳು ನೀರಿನಲ್ಲಿ ತೇಲಿ ದೂರದೂರ ಹೋಗುತ್ತವೆ. ಶಂಖದ ಮರಿ ಹಾಗಲ್ಲ. ಪುಟ್ಟ ಚಿಪ್ಪು ಹೊತ್ತುಕೊಂಡೇ ಗೂಡಿನಿಂದ ಹೊರಗೆ ಬಂದು ಅಲ್ಲೇ ಮರಳಿನಲ್ಲಿ ತೆವಳುತ್ತದೆ. ತೇಲುವ ಕಾಲವೇ ಅದಕ್ಕಿಲ್ಲ.

ಇದನ್ನು ಕೇಳಿದ ಮೇಲೆ ಅಣ್ಣನ ಸಿಟ್ಟು ಅರ್ಥವಾಯಿತು. ಟ್ರಾಲರ್ ಬಲೆ ಕಡಲಡಿಯನ್ನು ಗುಡಿಸಿಕೊಂಡು ಹೋಗುತ್ತದೆ. ಅದಕ್ಕೆ ಅಳತೆಯ ಬಳೆ ಇಲ್ಲ. ದೊಡ್ಡದು, ಚಿಕ್ಕದು, ಮೊಟ್ಟೆಗೂಡು, ಎಲ್ಲವೂ ಒಟ್ಟಿಗೆ ಬರುತ್ತದೆ. ಒಂದು ಕಡೆಯ ಶಂಖ ಖಾಲಿಯಾದರೆ ಬೇರೆ ಕಡೆಯಿಂದ ಮರಿಗಳು ತೇಲಿ ಬಂದು ತುಂಬುವುದಿಲ್ಲ. ಕೈಯಲ್ಲಿ ಹುಡುಕುವವನು ಚಿಕ್ಕದನ್ನು ಬಿಟ್ಟು ಬರಬಹುದು. ಬಲೆಗೆ ಆ ಕಣ್ಣಿಲ್ಲ. ಇದಕ್ಕೆ ಇನ್ನೂ ಗಟ್ಟಿ ಕ್ರಮ ಬೇಕು ಅನ್ನುವುದು ನನ್ನ ಅನಿಸಿಕೆ ಮಾತ್ರ ಅಲ್ಲ, ಆ ದಡದಲ್ಲಿ ಮಾತಾಡಿದ ಪ್ರತಿಯೊಬ್ಬ ಮುಳುಗುಗಾರನದ್ದೂ ಅದೇ ಮಾತು.

ಮೊಟ್ಟೆಗೂಡನ್ನು ಅಣ್ಣ ನಾಳೆ ವಾಪಸ್ ಬಿಡುತ್ತೇನೆ ಅಂದರು. ಅದು ಕಲ್ಲಿಗೆ ತಗುಲಿಕೊಂಡು ಬಂದಿತ್ತಂತೆ. ಅಲ್ಲಿಯವರೆಗೆ ನೀರಿನಲ್ಲೇ ಇಟ್ಟರು.

ಮಂಗಳವಾರ, ಕೀಳಕ್ಕರೈ

ತೀರದ ರಸ್ತೆಯಲ್ಲಿ ಬಸ್ಸು. ಒಂದು ಕಡೆ ಜಾಲಿ ಮುಳ್ಳು, ತಾಳೆ ಮರ. ಇನ್ನೊಂದು ಕಡೆ ಆಗಾಗ ನೀಲಿ ನೀರು. ತೂತ್ತುಕುಡಿಯಿಂದ ರಾಮೇಶ್ವರದವರೆಗೆ ಇಲ್ಲಿ 21 ದ್ವೀಪಗಳ ಸಾಲು. 1986ರಲ್ಲಿ ಅದನ್ನು ಕಡಲ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಬಸ್ಸಿನಿಂದ ದ್ವೀಪ ಒಂದೂ ಕಾಣಲಿಲ್ಲ. ಮಾಮ ಕಟ್ಟಿ ಕೊಟ್ಟ ಗೋಡಂಬಿ ಮ್ಯಾಕರೂನ್ ಮಾತ್ರ ದಾರಿಯಲ್ಲೇ ಖಾಲಿ.

ಕೀಳಕ್ಕರೈಯಲ್ಲಿ ಮುಸ್ಲಿಮರು ಜಾಸ್ತಿ. ಹಳೇ ಕಾಲದಿಂದ ಕಡಲ ವ್ಯಾಪಾರದ ಊರು. ಕಲ್ಲಿನ ಹಳೇ ಮಸೀದಿಯ ಕಂಬಗಳನ್ನು ನೋಡಿದರೆ ನಮ್ಮ ಕಡೆಯ ಗುಡಿಯ ಕಂಬಗಳೇ ನೆನಪಾಗುತ್ತವೆ. ಹುಡುಕುತ್ತಾ ಹೋಗಿ ಶಂಖ ಕೊಯ್ಯುವ ಒಂದು ಶೆಡ್ ಸಿಕ್ಕಿತು. ಯಂತ್ರದ ಗರಗಸದ ಕರ್ಕಶ ಸದ್ದು. ಬಿಳಿ ಧೂಳು ಗಾಳಿಯಲ್ಲಿ, ಗೋಡೆಯಲ್ಲಿ, ಕೆಲಸದವರ ರೆಪ್ಪೆಯ ಮೇಲೆ. ಮೂಗಿಗೆ ಬಟ್ಟೆ ಕಟ್ಟಿದವರು ಕೆಲವರು, ಕಟ್ಟದವರು ಹಲವರು. ನೋಡಿ ಸಂಕಟವಾಯಿತು.

ಶಂಖವನ್ನು ಅಡ್ಡಡ್ಡ ಕೊಯ್ದರೆ ಬಳೆ. ಒಂದು ಶಂಖಕ್ಕೆ ಕೆಲವೇ ಬಳೆ ಸಿಗುತ್ತವೆ. ಇದೆಲ್ಲ ಬಂಗಾಳದ ಕಡೆಗೆ. ಅಲ್ಲಿ ಮದುವೆಯಾದ ಹಿಂದೂ ಹೆಣ್ಣುಮಕ್ಕಳು ಕೆಂಪು ಬಳೆಯ ಜೊತೆ ಬಿಳಿ ಶಂಖದ ಬಳೆ ತೊಡುತ್ತಾರೆ. ನಮ್ಮಲ್ಲಿ ತಾಳಿ, ಕಾಲುಂಗುರ ಇದ್ದ ಹಾಗೆ. ಬಿಷ್ಣುಪುರದಲ್ಲಿ, ಢಾಕಾದ ಶಾಂಖಾರಿ ಬಜಾರಿನಲ್ಲಿ ಇದಕ್ಕೇ ಮೀಸಲಾದ ಕುಶಲಕರ್ಮಿಗಳಿದ್ದಾರೆ. ಅವರ ಹಳೇ ಕೈಗರಗಸ ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ. ಹೇಗೆ ತಿರುಗಿದರೂ ಪೆಟ್ಟು ಬೀಳುವ ಪರಿಸ್ಥಿತಿಗೆ ಬಂಗಾಳಿಯಲ್ಲಿ 'ಶಂಖದ ಗರಗಸ' ಅನ್ನುತ್ತಾರೆ.

ಶೆಡ್ಡಿನ ಹಿರಿಯ ಭಾಯ್ ತಾತನ ಶಂಖವನ್ನು ಬೆಳಕಿಗೆ ಹಿಡಿದರು. ಒಡೆದ ಅಂಚಿಗೆ ಬೆರಳು ಸವರಿದರು.

"ಸ್ವಲ್ಪ ಕೊಯ್ದು ಅಂಚು ನುಣ್ಣಗೆ ಮಾಡಿದರೆ ಸದ್ದು ಬರುತ್ತೆ ಅಯ್ಯಾ. ಆದರೆ ಮೊದಲಿನ ಸದ್ದೇ ಬರಲ್ಲ. ಒಳಗಿನ ದಾರಿ ಚಿಕ್ಕದಾಗುತ್ತೆ. ಸದ್ದು ಸ್ವಲ್ಪ ಮೇಲೆ ಹೋಗುತ್ತೆ. ಆಗಬಹುದಾ?"

ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ನಾನೂ ಹೋದೆ.

"ನಿಮ್ಮ ತಾತಂಗೆ ಕೊನೆಗೆ ಹಲ್ಲೆಲ್ಲ ಹೋಗಿತ್ತಲ್ಲ. ಆಗಲೂ ಸದ್ದು ಬೇರೆ ಥರಾನೇ ಬರ್ತಿತ್ತು" ಅಂದರು. "ಕೊಯ್ಸೋಣ."

ಎರಡು ನಿಮಿಷದ ಕೆಲಸ. ಅಪ್ಪ ಅಷ್ಟು ಹೊತ್ತೂ ಬೇರೆ ಕಡೆ ನೋಡುತ್ತಿದ್ದರು. ಭಾಯ್ ಅಂಚನ್ನು ಉಜ್ಜಿ, ನೀರಿನಲ್ಲಿ ತೊಳೆದು, ಲುಂಗಿಯ ತುದಿಯಲ್ಲಿ ಒರೆಸಿ ಎರಡೂ ಕೈಯಿಂದ ಕೊಟ್ಟರು. ಅಪ್ಪ ಊದಿದರು. ಮೊದಲ ಸಲ ಬರೀ ಗಾಳಿ. ಎರಡನೇ ಸಲ ತುಟಿ ಬಿಗಿ ಮಾಡಿದರು. ಬಂತು! ಗರಗಸಗಳು ಒಂದೊಂದಾಗಿ ನಿಂತವು. ನನಗೆ ಗೊತ್ತಿದ್ದ ಸದ್ದಿಗಿಂತ ತುಸು ತೆಳು, ತುಸು ಎತ್ತರ. ಆದರೆ ಹೊಟ್ಟೆಯೊಳಗಿನ ಆ ನಡುಕ ಅದೇ. ಭಾಯ್ ದುಡ್ಡು ತಗೊಳ್ಳಲಿಲ್ಲ. ಕೊಯ್ದು ಬಿದ್ದ ಚಿಕ್ಕ ಉಂಗುರವನ್ನು ಅಪ್ಪ ಹುಡುಕಿ ಎತ್ತಿ ಜೇಬಿಗೆ ಹಾಕಿಕೊಂಡರು.

ಬುಧವಾರ, ರಾಮೇಶ್ವರ, ಧನುಷ್ಕೋಡಿ

ಪಾಂಬನ್ ಸೇತುವೆಯ ಮೇಲಿನ ಗಾಳಿಗೆ ಮಾತು ಕೇಳಿಸುವುದಿಲ್ಲ. ಪಕ್ಕದಲ್ಲಿ 1914ರ ಹಳೇ ರೈಲು ಸೇತುವೆ, ಅದರ ಪಕ್ಕ 2025ರಲ್ಲಿ ತೆರೆದ ಹೊಸದು. ದರ್ಶನಕ್ಕೆ ಉದ್ದ ಸಾಲು, ಅದರ ಬಗ್ಗೆ ಹೊಸದಾಗಿ ಬರೆಯುವುದು ಏನಿಲ್ಲ.

ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಮಾತ್ರ ಅಪ್ಪ ಪ್ರತಿ ಶಂಖದ ಬಾಯಿಗೂ ಬೆರಳು ಹಾಕಿ ಏಣು ಎಣಿಸಿದರು. ನಾಲ್ಕೈದು ಅಂಗಡಿ ಆಗುವಷ್ಟರಲ್ಲಿ ಕೈ ಪಳಗಿತ್ತು. ಪಕ್ಕದಲ್ಲಿ ನಿಂತಿದ್ದ ಹುಬ್ಬಳ್ಳಿ ಕಡೆಯ ಒಂದು ಸಂಸಾರಕ್ಕೂ ತೋರಿಸಿಕೊಟ್ಟರು. ಇನ್ನೊಂದು ವಿಷಯ ನೆನಪಿಡಿ. 2001ರಲ್ಲಿ ಕೆಲವು ಕಡಲ ಚಿಪ್ಪುಗಳನ್ನು ವನ್ಯಜೀವಿ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ನಾಟಿಲಸ್, ಟ್ರೈಟನ್, ಕೊಂಬಿನ ಹೆಲ್ಮೆಟ್ ಚಿಪ್ಪು ಅದರಲ್ಲಿವೆ. ಯಾರಾದರೂ ಚಂದ ಇದೆ ಅಂತ ಮಾರಲು ಬಂದರೆ ಕೊಳ್ಳಬೇಡಿ.

ಸಂಜೆ ಧನುಷ್ಕೋಡಿ. 1964ರ ಡಿಸೆಂಬರಿನ ಚಂಡಮಾರುತ ಒಂದೇ ರಾತ್ರಿಯಲ್ಲಿ ಮುಗಿಸಿದ ಊರು. ಚರ್ಚಿನ ಗೋಡೆ, ರೈಲ್ವೆಯ ಮುರಿದ ಕಟ್ಟಡ. ಅರಿಚಲ್‌ಮುನೈಯಲ್ಲಿ ರಸ್ತೆ ಮುಗಿಯುತ್ತದೆ. ಎರಡು ಕಡೆ ಎರಡು ಕಡಲು.

ಅಲ್ಲಿ ಅಪ್ಪ ಶಂಖ ಊದುತ್ತಾರೆ ಅಂದುಕೊಂಡಿದ್ದೆ. ಊದಲಿಲ್ಲ. ಟವೆಲ್ ಬಿಚ್ಚಲೂ ಇಲ್ಲ. ಜೇಬಿನಿಂದ ಆ ಉಂಗುರ ತೆಗೆದು, ನೀರಂಚಿಗೆ ನಡೆದು, ಬಗ್ಗಿ ಅಲೆಯೊಳಗೆ ಬಿಟ್ಟು ಬಂದರು.

ವಾಪಸ್ ಬರುವಾಗ ಒದ್ದೆ ಮರಳಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ಶಂಖವೊಂದು ಬಿದ್ದಿತ್ತು. ಬಣ್ಣ ಹೋಗಿ ಮಂಕಾಗಿತ್ತು, ಪಕ್ಕದಲ್ಲಿ ಹುಳ ಕೊರೆದ ತೂತು. ನನಗೆ ಕೊಡಲು ಅಂತ ಅಪ್ಪ ಎತ್ತಿಕೊಂಡರು. ಎತ್ತಿದವರು ಹಾಗೇ ನಿಂತರು. ಬಾಯಿಂದ ಎರಡು ಕೆಂಪು ಕಾಲು ಹೊರಗೆ ಚಾಚಿ ಮತ್ತೆ ಒಳಗೆ ಹೋದವು. ಖಾಲಿ ಚಿಪ್ಪಿನೊಳಗೆ ಮನೆ ಮಾಡುವ ಸನ್ಯಾಸಿ ಏಡಿ.

"ಒಳಗೆ ಯಾರೋ ಇದಾರೆ ಕಣಮ್ಮ" ಅಂದರು ಅಪ್ಪ, ಮೆಲ್ಲಗೆ.

ಎತ್ತಿದ ಜಾಗದಲ್ಲೇ ಇಟ್ಟರು. ಅದು ಮತ್ತೆ ಕಾಲು ಚಾಚಿ ನೀರಿನ ಕಡೆ ಹೋಗುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಮರಳಿನ ಮೇಲೆ ಸಣ್ಣದೊಂದು ದಾರಿ ಬಿದ್ದಿತ್ತು.